ಏಳು ಅಂಗಡಿ, ಒಂದೇ ನೀರಿನ ಗೆರೆ

ಆಯುಧಪೂಜೆಗೆ ಬಾಳೆಕಂದು ಕಟ್ಟಿದ ಟೇಪು, ಲಕ್ಷ್ಮೀಪೂಜೆಗೆ ಇಟ್ಟ ಗಂಧ, ಕುಂಕುಮ, ಅದರ ಮೇಲೆ ಮೂರು ದಿನದ ಪಟಾಕಿ ಹೊಗೆ. ಬಲಿಪಾಡ್ಯಮಿಯ ಮರುದಿನ ಬೆಳಗ್ಗೆ ನಮ್ಮ ಸಾಲಿನ ಅಂಗಡಿಗಳ ಗಾಜು ಹೀಗಿತ್ತು. ರಾಜ್ಯೋತ್ಸವಕ್ಕೆ ಒಂಬತ್ತು ದಿನ ಉಳಿದಿತ್ತು. ಆ ಒಂಬತ್ತು ದಿನದಲ್ಲಿ ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಬೇರೆ ಬೀದಿಯವರು ಮಾಡುವುದಾದರೆ ಇದರಲ್ಲಿ ಅರ್ಧ ಕಷ್ಟವಾದರೂ ಅವರಿಗೆ ಉಳಿಯಲಿ.

ತುಮಕೂರಿನ ಚಿಕ್ಕಪೇಟೆ ಕಡೆಯ ಒಂದು ಅಡ್ಡರಸ್ತೆ ನಮ್ಮದು. ರಸ್ತೆಗೆ ಮುಖ ಮಾಡಿ ನಿಂತರೆ ಎಡಗಡೆಯಿಂದ ಬೇಕರಿ, ನನ್ನ ಫೋಟೋ ಫ್ರೇಮ್ ಅಂಗಡಿ, ಮೆಡಿಕಲ್ ಸ್ಟೋರ್, ಲೇಡೀಸ್ ಟೈಲರ್, ಮೊಬೈಲ್ ರಿಪೇರಿ, ಬೆಳ್ಳಿ ಬಂಗಾರದ ಅಂಗಡಿ, ಕೊನೆಗೆ ಟೀ ಅಂಗಡಿ. ಮೊದಲ ಆರಕ್ಕೆ ಗಾಜು ಇದೆ, ಟೀ ಅಂಗಡಿಗೆ ಶಟರ್ ಮಾತ್ರ. ಪ್ರತಿ ವರ್ಷ ಎಲ್ಲರೂ ದುಡ್ಡು ಹಾಕಿ ಒಂದು ಫ್ಲೆಕ್ಸ್ ಕಟ್ಟುತ್ತಿದ್ದೆವು, ಹಬ್ಬ ಮುಗಿದ ಮೇಲೆ ಅದು ಯಾರದೋ ಸೌದೆ ಗುಡ್ಡೆಯ ಮೇಲೆ ಹೊದಿಕೆಯಾಗುತ್ತಿತ್ತು. ಈ ಸಲ ಗಾಜಿನ ಮೇಲೇ ಬಣ್ಣದಲ್ಲಿ ಬರೆಯೋಣ ಎಂದು ನಾನು ಅಂದೆ. ಅಂಗಡಿಗೊಂದು ಚಿತ್ರ ಎಂಬುದು ನನ್ನ ಲೆಕ್ಕ.

ಟೈಲರ್ ಅಕ್ಕ ಒಪ್ಪಲಿಲ್ಲ. "ಒಬ್ಬೊಬ್ಬರು ಒಂದೊಂದು ಬರ್ಕೊಂಡ್ರೆ ಅದೂ ಏಳು ಬೋರ್ಡ್ ಇದ್ದಂಗೇ ಆಗುತ್ತಲ್ಲಣ್ಣ. ಅಮಾನಿಕೆರೆ ಬರೆಯನ. ಈ ತುದಿಯಿಂದ ಆ ತುದಿಗಂಟ."

ಅಲ್ಲಿಗೆ ಚಿತ್ರ ತೀರ್ಮಾನವಾಯಿತು. ಬೇಕರಿಯಿಂದ ಟೀ ಅಂಗಡಿಯ ತನಕ ಕೆರೆಯ ನೀರು. ನೀರಿನ ಆಚೆ ನಮ್ಮ ಜಿಲ್ಲೆಯ ಬೆಟ್ಟಗಳು: ಸಿದ್ಧಗಂಗೆ, ಬಸ್ತಿ ಬೆಟ್ಟ ಅಂತ ನಾವು ಕರೆಯುವ ಮಂದಾರಗಿರಿ, ದೇವರಾಯನದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟ. ಕೆರೆ ಏರಿಯ ಮೇಲೆ ನಿಂತರೆ ಇವೆಲ್ಲ ಒಟ್ಟಿಗೆ ಕಾಣುವುದಿಲ್ಲ ಎಂದು ಮೆಡಿಕಲ್ ಸ್ಟೋರಿನ ಸಾರ್ ಹೇಳಿದರು. ಅದು ನಿಜ. ಆದರೂ ಊರಿನ ಬೆಟ್ಟಗಳನ್ನೆಲ್ಲ ಒಂದು ದಡಕ್ಕೆ ಕರೆತರಬೇಕು ಅನ್ನುವ ಆಸೆ ಎಲ್ಲರಿಗೂ ಇತ್ತು. ಈಚೆ ದಡದಲ್ಲಿ ತುಂಬೆ ಗಿಡ. ತುಂಬೆಯಿಂದಲೇ ತುಮಕೂರು ಎಂಬ ಹೆಸರು ಬಂತು ಅನ್ನುವವರಿದ್ದಾರೆ, ತಮಟೆಯಂಥ ತುಮುಕಿ ಎಂಬ ವಾದ್ಯದಿಂದ ಬಂತು ಅನ್ನುವವರೂ ಇದ್ದಾರೆ. ನಾವು ಹೂವಿನ ಕಡೆ ನಿಂತೆವು. ಪುಟ್ಟ ಬಿಳಿ ಹೂವು, ಮಕ್ಕಳ ಕೈಯಲ್ಲೂ ಬರುತ್ತದೆ.

ಬಣ್ಣ ಕೊಳ್ಳುವ ಮುಂಚೆ ನನ್ನ ಅಂಗಡಿಯಲ್ಲಿ ಉಳಿದ ಫ್ರೇಮ್ ಗಾಜಿನ ಮೂರು ತುಂಡು ತೆಗೆದುಕೊಂಡು ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದೆ: ಪೋಸ್ಟರ್ ಕಲರ್, ಗೋಡೆಗೆ ಹೊಡೆಯುವ ಎಕ್ಸ್‌ಟೀರಿಯರ್ ಎಮಲ್ಷನ್, ಎಣ್ಣೆಯ ಎನಾಮೆಲ್. ರಾತ್ರಿಯಿಡೀ ತಾರಸಿಯ ಮೇಲೆ ಇಬ್ಬನಿಗೆ ಇಟ್ಟೆ. ಬೆಳಗ್ಗೆ ಪೋಸ್ಟರ್ ಕಲರ್ ಒದ್ದೆ ಬೆರಳಿಗೇ ಬಂತು. ಎನಾಮೆಲ್ ಕಲ್ಲಿನಂತೆ ಕೂತಿತ್ತು, ಥಿನ್ನರ್ ಇಲ್ಲದೆ ಅಲ್ಲಾಡಲಿಲ್ಲ. ಎಮಲ್ಷನ್ ಒಣ ಬಟ್ಟೆಗೆ ಬರಲಿಲ್ಲ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಹಾಲಿನ ಕೆನೆಯ ಹಾಗೆ ಎದ್ದು ಬಂತು. ನಮಗೆ ಬೇಕಾದ್ದು ಅದೇ. ಹದಿನೈದು ಇಪ್ಪತ್ತು ದಿನ ಇರಬೇಕು, ಆಮೇಲೆ ಗಾಜಿಗೆ ಗೀರು ಬೀಳದಂತೆ ಹೋಗಬೇಕು. ಮೊಬೈಲ್ ಅಂಗಡಿಯದೂ ಬಂಗಾರದ ಅಂಗಡಿಯದೂ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಮೂಲೆಯಲ್ಲಿ ಸಣ್ಣ ಮುದ್ರೆ ಇರುತ್ತದೆ, ನೋಡಿದರೆ ಗೊತ್ತಾಗುತ್ತದೆ. ಅಂಥ ಗಾಜಿನ ಮೇಲೆ ಸ್ಟೀಲ್ ಬ್ಲೇಡು ಎಳೆದರೆ ಕೂದಲೆಳೆಯಂಥ ಗೀರು ಬೀಳುವ ಸಂಭವ ಹೆಚ್ಚು. ಅಲ್ಲಿಗೆ ಪ್ಲಾಸ್ಟಿಕ್ ಸ್ಕ್ರೇಪರ್ ಒಂದೇ ಎಂದು ಮೊದಲೇ ಮಾತಾಯಿತು.

ಒಳಗಿಂದ ಬರೆಯುವುದೋ ಹೊರಗಿಂದಲೋ ಎಂಬುದಕ್ಕೆ ಚರ್ಚೆ ಬೇಕಾಗಲಿಲ್ಲ. ನವೆಂಬರ್ ಅಂದರೆ ನಮ್ಮ ಕಡೆ ಹಿಂಗಾರು ಮಳೆಯ ಕಾಲ. ಮಳೆ, ರಸ್ತೆಯ ದೂಳು, ಬೈಕು ಒರಗಿಸುವವರ ಕೈ, ಎಲ್ಲ ಹೊರಗಿನ ಮೈಗೇ. ಹಾಗಾಗಿ ಒಳಗಿಂದ. ಒಳಗಿಂದ ಅಂದರೆ ಎಲ್ಲವೂ ತಿರುಗುಮುರುಗು, ಆ ವಿಷಯಕ್ಕೆ ಬರುತ್ತೇನೆ.

ಮೊದಲ ಎರಡು ರಾತ್ರಿ ಪೂರ್ತಿ ಹೋಗಿದ್ದು ನೀರಿನ ಗೆರೆಗೆ. ಬೆಟ್ಟ ಎರಡು ಇಂಚು ಮೇಲೆ ಕೆಳಗೆ ಆದರೆ ಯಾರಿಗೂ ತಿಳಿಯುವುದಿಲ್ಲ. ಕೆರೆಯ ನೀರು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವಾಗ ಅರ್ಧ ಇಂಚು ಜಗ್ಗಿದರೂ ದಾರಿಯಲ್ಲಿ ಹೋಗುವ ಮಗುವಿಗೂ ಗೊತ್ತಾಗುತ್ತದೆ. ನಮ್ಮ ರಸ್ತೆ ಟೀ ಅಂಗಡಿಯ ಕಡೆಗೆ ಇಳಿಜಾರು. ಮೇಲಾಗಿ ಒಬ್ಬೊಬ್ಬರ ಹೊಸ್ತಿಲು ಒಂದೊಂದು ಎತ್ತರ: ಮೆಡಿಕಲ್ ಸ್ಟೋರಿನವರು ಮಳೆನೀರು ನುಗ್ಗದಿರಲಿ ಎಂದು ಪಾಯ ಎತ್ತರಿಸಿದ್ದಾರೆ, ಬಂಗಾರದ ಅಂಗಡಿಯ ಶೆಟ್ಟರು ಎರಡು ಮೆಟ್ಟಿಲು ಹಾಕಿಸಿದ್ದಾರೆ. ನೆಲದಿಂದ ಟೇಪು ಹಿಡಿದು ನಾಲ್ಕು ಅಡಿ ಗುರುತು ಮಾಡುತ್ತಾ ಹೋದರೆ ಕೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಟೀ ಅಂಗಡಿ ಯಜಮಾನರ ಬಾಮೈದ ಗಾರೆ ಕೆಲಸದವರು. ಅವರೇ ಲೆವೆಲ್ ಪೈಪು ತಂದುಕೊಟ್ಟರು. ಕಿರುಬೆರಳಿಗಿಂತ ಸಣ್ಣದಾದ, ಒಳಗಿನ ನೀರು ಕಾಣುವಂಥ ಪ್ಲಾಸ್ಟಿಕ್ ಪೈಪು, ನಲವತ್ತು ಅಡಿ ಉದ್ದ. ಅದಕ್ಕೆ ನೀರು ತುಂಬಿ ಎರಡು ತುದಿಯನ್ನೂ ಎತ್ತಿ ಹಿಡಿದರೆ, ನಡುವೆ ಪೈಪು ಹೇಗೆ ಸುತ್ತಿ ಬಳಸಿ ಬಿದ್ದಿರಲಿ, ಎರಡೂ ತುದಿಯ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇವತ್ತಿಗೂ ಮನೆ ಕಟ್ಟುವಾಗ ಈ ಮೂಲೆಯ ಮಟ್ಟವನ್ನು ಆ ಮೂಲೆಗೆ ಒಯ್ಯುವುದು ಹೀಗೆಯೇ. ನೀರು ಕಣ್ಣಿಗೆ ಎದ್ದು ಕಾಣಲಿ ಎಂದು ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಹನಿ ಬೆರೆಸಿದೆವು.

ಬೇಕರಿಯ ಕಂಬದ ಮೇಲೆ ಹೊಸ್ತಿಲಿನಿಂದ 3 ಅಡಿ 9 ಇಂಚಿಗೆ ಮೊದಲ ಗುರುತು. ಅಲ್ಲಿಂದ ನನ್ನ ಅಂಗಡಿ, ಮೆಡಿಕಲ್, ಟೈಲರ್. ಸಲೀಸಾಗಿ ಹೋಯಿತು. ಮೊಬೈಲ್ ಅಂಗಡಿಗೆ ಬಂದಾಗ ನನಗೆ ಅನುಮಾನ ಶುರುವಾಯಿತು. ಪಕ್ಕದ ಕಂಬದ ಗುರುತಿಗೂ ಇದಕ್ಕೂ ನಡುವೆ ಇರುವುದು ಒಂದೂವರೆ ಅಡಿ. ಅಷ್ಟು ಹತ್ತಿರದಲ್ಲಿ ಗೆರೆ ಎರಡು ಇಂಚು ಮೇಲೆ ಕೂತಿದೆ. ಮತ್ತೆ ಹಿಡಿದೆವು, ಮತ್ತೆ ಹಾಗೇ. ಪೈಪಿನಲ್ಲಿ ಗಾಳಿಗುಳ್ಳೆ ಇರಬೇಕೆಂದು ಪೂರ್ತಿ ಖಾಲಿ ಮಾಡಿ, ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು, ಒಂದು ತುದಿಯಿಂದ ಎಳೆದು ನಿಧಾನಕ್ಕೆ ತುಂಬಿಸಿದೆವು. ಟಾರ್ಚ್ ಹಿಡಿದು ಮೊದಲಿನಿಂದ ಕೊನೆಯ ತನಕ ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಆದರೂ ಎರಡು ಇಂಚು.

ರಾತ್ರಿ ಹನ್ನೊಂದಾಗಿತ್ತು. ಗಾರೆಯವರು ಮನೆಯಿಂದ ಎದ್ದು ಬಂದರು. ಪೈಪಿನ ಕಡೆ ನೋಡಲೇ ಇಲ್ಲ, ಮೊಬೈಲ್ ಅಂಗಡಿ ಹುಡುಗನ ಕೈ ನೋಡಿದರು.

"ಹೆಬ್ಬೆಟ್ಟು ತಗಿಯಪ್ಪ."

ನೀರು ಚೆಲ್ಲದಿರಲಿ ಎಂದು ಅವನು ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದ. ಬಾಯಿ ಮುಚ್ಚಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ ನೀರನ್ನು ಅದರ ಮಟ್ಟಕ್ಕೆ ಬರಗೊಡುವುದಿಲ್ಲ. ಬೆರಳು ತೆಗೆದ. ನೀಲಿ ನೀರು ಒಮ್ಮೆ ಕೆಳಗೆ ಹೋಗಿ, ಮೇಲೆ ಬಂದು, ಮತ್ತೆ ಸ್ವಲ್ಪ ಕೆಳಗೆ ಹೋಗಿ, ನಡುಗುತ್ತಾ ನಡುಗುತ್ತಾ ನಿಂತಿತು. ಸರಿಯಾಗಿ ಪಕ್ಕದ ಕಂಬದ ಗುರುತಿನ ನೇರಕ್ಕೆ. ನಾವು ಐದು ಜನ ಉಸಿರು ಹಿಡಿದು ಅದನ್ನೇ ನೋಡುತ್ತಿದ್ದೆವು. ಪೈಪು ಎತ್ತಿಕೊಂಡು ಹೋಗುವಾಗ ಬಾಯಿ ಮುಚ್ಚಿಕೊಳ್ಳಬಹುದು, ಹಿಡಿದು ನಿಂತ ಮೇಲೆ ಎರಡೂ ತುದಿ ಬಿಡಬೇಕು. ಶುರು ಮಾಡುವ ಮುಂಚೆ ಎರಡು ತುದಿಯನ್ನೂ ಜೋಡಿಸಿ ಹಿಡಿದು ನೀರು ಸಮ ಇದೆಯೇ ಎಂದು ನೋಡಿಕೊಳ್ಳಬೇಕು. ಇಷ್ಟೇ ಅದರ ವಿದ್ಯೆ.

ಕೊನೆಗೆ ಟೀ ಅಂಗಡಿಯ ಹತ್ತಿರ ಗುರುತು 4 ಅಡಿ 10 ಇಂಚಿಗೆ ಬಂತು. ಒಂದೇ ನೀರು, ಈ ತುದಿಯಲ್ಲಿ ಸೊಂಟಕ್ಕೆ, ಆ ತುದಿಯಲ್ಲಿ ಹೆಗಲಿಗೆ.

ಗಾಜು ತೊಳೆಯುವ ಕೆಲಸ ಎಲ್ಲರ ಅಂಗಡಿಯಲ್ಲೂ ಒಂದೇ ಥರ ಆಗಲಿಲ್ಲ. ಟೇಪಿನ ಗೋಂದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟರೆ ಮೆತ್ತಗಾಗಿ ಬರುತ್ತದೆ, ಆದರೆ ಆ ಎಣ್ಣೆಯನ್ನು ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚೆನ್ನಾಗಿ ತೆಗೆಯಬೇಕು. ಊದುಬತ್ತಿ ಹಚ್ಚುವ ಅಂಗಡಿಗಳಲ್ಲಿ ಗಾಜಿನ ಒಳಮೈಗೆ ಕಣ್ಣಿಗೆ ಕಾಣದ ಒಂದು ಜಿಡ್ಡು ಇರುತ್ತದೆ. ಕೊನೆಯಲ್ಲಿ ಎಲ್ಲ ಕಡೆಯೂ ಸ್ಪಿರಿಟ್‌ನಲ್ಲಿ ಒಂದು ಸಲ ಒರೆಸಿ, ಹಳೇ ಪೇಪರ್‌ನಿಂದ ಉಜ್ಜಿದೆವು. ಸ್ಪಿರಿಟ್ ಕೊಟ್ಟವರು ಮೆಡಿಕಲ್ ಸಾರ್.

ಬೇಕರಿಯಲ್ಲಿ ಇದು ಸಾಲಲಿಲ್ಲ, ಅದು ನಮಗೆ ಗೊತ್ತಾಗಿದ್ದು ಬಣ್ಣ ಹಚ್ಚಿ ಆದ ಮೇಲೆ. ಭಾನುವಾರ ಸಂಜೆ ಬೇಕರಿಯ ಗಾಜಿಗೆ ಸಿದ್ಧಗಂಗೆಯ ಬೆಟ್ಟ, ಅದರ ಮೆಟ್ಟಿಲು, ಹಿಂದಿನ ಆಕಾಶ ಎಲ್ಲ ಬರೆದು ಹೋದೆವು. ಸೋಮವಾರ ಬೆಳಗ್ಗೆ ಆರೂವರೆಗೆ ಬೇಕರಿ ಅಣ್ಣ ಫೋನ್ ಮಾಡಿ, "ಬಂದು ನೋಡಪ್ಪ, ಬೆಟ್ಟ ಇಳೀತಾ ಐತೆ" ಅಂದರು. ಅವರ ದನಿಯಲ್ಲಿ ನಿಜವಾದ ಬೇಜಾರಿತ್ತು. ಹೋಗಿ ನೋಡಿದರೆ ಬಣ್ಣ ಗಾಜಿನಿಂದ ಬಿಟ್ಟುಕೊಂಡು, ನೆರಿಗೆ ನೆರಿಗೆಯಾಗಿ ಕೆಳಕ್ಕೆ ಜಾರಿತ್ತು. ಅವರು ಬೆಳಗಿನ ಜಾವ ನಾಲ್ಕಕ್ಕೆ ಓವನ್ ಹಚ್ಚುತ್ತಾರೆ. ಹೊರಗೆ ಚಳಿ, ಒಳಗೆ ಬನ್ನಿನ ಹಬೆ. ಗಾಜಿನ ಒಳಮೈಯೆಲ್ಲ ಬೆವರುತ್ತದೆ. ಎಮಲ್ಷನ್ ಮುಟ್ಟಿದರೆ ಅರ್ಧ ಗಂಟೆಗೆ ಒಣಗಿದಂತೆ ಕಂಡರೂ ಗಟ್ಟಿಯಾಗಲು ದಿನಗಳೇ ಬೇಕು. ಗೋಡೆಯಾದರೆ ಒಂದಿಷ್ಟು ನೀರನ್ನು ಹೀರಿಕೊಳ್ಳುತ್ತದೆ, ಗಾಜು ಒಂದು ಹನಿಯನ್ನೂ ಹೀರುವುದಿಲ್ಲ. ಇದರ ಜೊತೆಗೆ ವರ್ಷಗಟ್ಟಲೆಯ ಡಾಲ್ಡಾದ ಜಿಡ್ಡು.

ಪೂರ್ತಿ ಕೆರೆದೆವು. ಓವನ್ ಆರಿದ ಮೇಲೆ, ಮಧ್ಯಾಹ್ನ, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತೊಳೆದು, ಆಮೇಲೆ ಸ್ಪಿರಿಟ್. ಬೆಂಕಿ ಇರುವ ಜಾಗದಲ್ಲಿ ಸ್ಪಿರಿಟ್ ಬಾಟ್ಲಿ ತೆರೆಯಬಾರದು, ಅದಕ್ಕೇ ಓವನ್ ಆರುವ ತನಕ ಕಾದದ್ದು. ಈ ಸಲ ಒಂದು ಪರೀಕ್ಷೆ ಮಾಡಿಕೊಂಡೆ, ಇದನ್ನು ಮೊದಲ ದಿನವೇ ಎಲ್ಲ ಅಂಗಡಿಯಲ್ಲೂ ಮಾಡಬೇಕಿತ್ತು. ಗಾಜಿಗೆ ಒಂದು ಬೊಗಸೆ ಚೊಕ್ಕ ನೀರು ಎರಚಿ ನೋಡಬೇಕು. ಕೆಸುವಿನ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ. ಹನಿ ಕಟ್ಟದೆ ತೆಳ್ಳಗೆ ಹಾಳೆಯಂತೆ ಹರಡಿ ಇಳಿದರೆ ಗಾಜು ಬಣ್ಣಕ್ಕೆ ತಯಾರು. ಬೇಕರಿಯ ಗಾಜಿಗೆ ಮೂರು ಸಲ ತೊಳೆದ ಮೇಲೆ ನೀರು ಹಾಳೆಯಾಯಿತು. ಹಬೆ ಹೆಚ್ಚಾಗಿ ಕೂರುವ ಕೆಳಗಿನ ಒಂದು ಅಡಿಯನ್ನು ಬಣ್ಣವಿಲ್ಲದೆ ಬಿಟ್ಟೆವು. ಅಣ್ಣ ಎರಡು ರಾತ್ರಿ ಟೇಬಲ್ ಫ್ಯಾನನ್ನು ಗಾಜಿನ ಕಡೆ ತಿರುಗಿಸಿಟ್ಟರು. ಎರಡನೇ ಸಲ ಬರೆದ ಬೆಟ್ಟ ಮೊದಲಿನದಕ್ಕಿಂತ ಚೆನ್ನಾಗಿ ಬಂತು, ಕೈಗೆ ಅಭ್ಯಾಸವಾಗಿತ್ತು.

ಒಳಗಿಂದ ಬರೆಯುವಾಗ ಕ್ರಮವೇ ಬೇರೆ. ಕಾಗದದ ಮೇಲೆ ಮೊದಲು ಆಕಾಶ, ಆಮೇಲೆ ಬೆಟ್ಟ, ಕೊನೆಗೆ ಹೂವು. ಗಾಜಿನ ಹಿಂದೆ ಮೊದಲು ಹೂವು, ಆಮೇಲೆ ಬೆಟ್ಟ, ಎಲ್ಲಕ್ಕಿಂತ ಕೊನೆಗೆ ಆಕಾಶ. ಮೊದಲು ಹಚ್ಚಿದ್ದೇ ಹೊರಗಿನಿಂದ ನೋಡುವವರಿಗೆ ಮುಂದೆ ಕಾಣುವುದು. ಹಳೇ ಮನೆಗಳಿಂದ ಗಾಜಿನ ಹಿಂದೆ ಬರೆದ ಕೃಷ್ಣ, ಲಕ್ಷ್ಮಿಯ ಚಿತ್ರಗಳು ಕಟ್ಟು ಹಾಕಿಸಲು ನನ್ನ ಅಂಗಡಿಗೆ ಯಾವಾಗಲೋ ಒಂದೊಂದು ಬರುತ್ತವೆ. ಹಿಂದಿನ ರಟ್ಟು ಬಿಚ್ಚಿ ನೋಡಿದರೆ ದೇವರೇ ಇರುವುದಿಲ್ಲ, ಬರೀ ಬಣ್ಣದ ಪಟ್ಟೆಗಳು. ಬರೆದವರು ಹಣೆಯ ಬೊಟ್ಟು, ಮೂಗುತಿ ಮೊದಲು ಇಟ್ಟು, ಆಮೇಲೆ ಅದರ ಮೇಲೆ ಮುಖದ ಬಣ್ಣ ಬಳಿದಿರುತ್ತಾರೆ. ಟೈಲರ್ ಅಕ್ಕನ ಮಗಳು ಪಿಯುಸಿ ಓದುತ್ತಾಳೆ, ಒಳ್ಳೆಯ ಕೈ. ಅವಳಿಗೆ ಇಷ್ಟು ಹೇಳಿದ ಮೇಲೆ ಎರಡನೇ ಸಲ ಹೇಳಬೇಕಾಗಲಿಲ್ಲ. "ಬೊಟ್ಟು ಮೊದ್ಲು, ಮುಖ ಆಮೇಲೆ" ಅಂತ ಅವಳೇ ಮಿಕ್ಕವರಿಗೆ ಹೇಳಿಕೊಡುತ್ತಿದ್ದಳು. ತುಂಬೆ ಹೂವಿನ ಬಿಳಿ ಚುಕ್ಕೆಗಳನ್ನೆಲ್ಲ ಬೀದಿಯ ಮಕ್ಕಳು ಇಯರ್ ಬಡ್‌ನಲ್ಲಿ ಇಟ್ಟರು. ಅದು ಒಣಗಿದ ಮೇಲೆ ಹಸಿರು, ಹಸಿರು ಒಣಗಿದ ಮೇಲೆ ಹತ್ತಿರದ ಬೆಟ್ಟ, ಆಮೇಲೆ ದೂರದ್ದು.

ಅಕ್ಷರದಲ್ಲಿ ಮಾತ್ರ ನಾನೇ ತಪ್ಪು ಮಾಡಿದೆ. ಮೆಡಿಕಲ್ ಸ್ಟೋರಿನ ಗಾಜಿಗೆ 'ರಾಜ್ಯೋತ್ಸವದ ಶುಭಾಶಯ' ಎಂದು ಬರೆಯಬೇಕಿತ್ತು. ಕಂಪ್ಯೂಟರಿನಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಹಾಳೆಗಳನ್ನು ಜೋಡಿಸಿ, ಗಾಜಿನ ಹೊರಮೈಗೆ ಅಂಟಿಸಿ, ಒಳಗಿನಿಂದ ಅದರ ಮೇಲೆಯೇ ಎಳೆದುಕೊಂಡು ಹೋಗುವುದು ನನ್ನ ಉಪಾಯ. ಪ್ರಿಂಟ್ ಆದ ಮುಖವನ್ನು ಗಾಜಿಗೆ ಒತ್ತಿ ಅಂಟಿಸಿದೆ. ಒಳಗೆ ಬಂದು ನೋಡಿದರೆ ಅಕ್ಷರಗಳು ಚೆನ್ನಾಗಿ ಕಾಣುತ್ತಿವೆ, ಓದಲು ಬರುತ್ತಿವೆ. ಖುಷಿಯಿಂದ ಅರ್ಧ ಬರೆದೂ ಆಯಿತು. ಹಾಳೆ ತೆಗೆದಾಗ ರಸ್ತೆಯಲ್ಲಿ ನಿಂತಿದ್ದ ಟೈಲರ್ ಅಕ್ಕ ಸುಮ್ಮನೆ ನೋಡುತ್ತಾ ನಿಂತರು. ಹೊರಗಿನಿಂದ ಎಲ್ಲ ಕನ್ನಡಿಯಲ್ಲಿ ಕಂಡಂತೆ. 'ಜ್ಯೋ'ದ ಯಒತ್ತು ಎಡಕ್ಕೆ ಬಾಲ ಚಾಚಿತ್ತು, ದೀರ್ಘ ಹಿಂದಿನ ಅಕ್ಷರವನ್ನು ಹೋಗಿ ಮುಟ್ಟಿತ್ತು, 'ರಾ' ಹೊರಟಿದ್ದು ಬಲದಿಂದ. ಕನ್ನಡ ಅಕ್ಷರ ದುಂಡಗಿರುವುದರಿಂದ ತಿರುಗಿದ್ದು ಒಮ್ಮೆಗೇ ತಿಳಿಯುವುದಿಲ್ಲ, ತಲೆಕಟ್ಟು ಮತ್ತು ಒತ್ತಕ್ಷರ ನೋಡಿದಾಗ ತಿಳಿಯುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಮಿರರ್ ಪ್ರಿಂಟ್ ಎಂದು ಕೇಳಿದರೆ ತಿರುಗಿಸಿ ಕೊಡುತ್ತಾರೆ. ಅದನ್ನು ಹೊರಗಿನಿಂದ, ಪ್ರಿಂಟ್ ಆದ ಮುಖ ಗಾಜಿಗೆ ತಾಗುವಂತೆ ಅಂಟಿಸಬೇಕು. ಒಳಗೆ ಕೂತವರಿಗೆ ಓದಲು ಬರಬಾರದು. ಓದಲು ಬಂತೆಂದರೆ ಬ್ರಶ್ ಕೆಳಗಿಡಿ. ಎರಡನೇ ಸಲ ಅಕ್ಷರ ಎಳೆದದ್ದು ಅಕ್ಕನ ಮಗಳು, ಹತ್ತನೇ ನಂಬರಿನ ಚಪ್ಪಟೆ ಬ್ರಶ್‌ನಲ್ಲಿ. ತಿರುಗಿದ ಅಕ್ಷರ ಎಳೆಯಲು ಅಕ್ಷರ ಮರೆಯಬೇಕು ಎಂದು ಅವಳಿಗೆ ಹೇಗೆ ಹೊಳೆಯಿತೋ, ಅದನ್ನು ರಂಗೋಲಿಯ ಎಳೆ ಎಂದುಕೊಂಡು ಎಳೆದಳಂತೆ. 'ತ್ಸ' ಒಂದಕ್ಕೇ ಹತ್ತು ನಿಮಿಷ ತೆಗೆದುಕೊಂಡಳು. ತುಮಕೂರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ರಿಂದ ಬದಲಾಯಿತು, ಅದನ್ನೂ ಗಾಜಿನ ಮೇಲೆ ಬರೆಯೋಣ ಎಂದು ಮೊಬೈಲ್ ಅಂಗಡಿ ಹುಡುಗ ಕೇಳಿದ. ಕನ್ನಡದಲ್ಲಿ ನಾವು ಮೊದಲಿನಿಂದಲೂ ತುಮಕೂರು ಅಂತಲೇ ಬರೆಯುತ್ತಿದ್ದೇವೆ, ಅದೊಂದೇ ಸಾಕು ಎಂದು ಬಿಟ್ಟೆವು.

ಬಣ್ಣದ ವಿಷಯ. ಕೆರೆಯಲ್ಲಿ ಒಂದು ದೋಣಿ, ದೋಣಿಗೆ ಹಳದಿ ಕೆಂಪಿನ ಬಾವುಟ. ಮ. ರಾಮಮೂರ್ತಿಯವರು ಕೊಟ್ಟ ಈ ಬಾವುಟದಲ್ಲಿ ಮೇಲೆ ಹಳದಿ, ಕೆಳಗೆ ಕೆಂಪು, ಅರಿಶಿನ ಕುಂಕುಮ. ಖರ್ಚು ಉಳಿಸಲು ಬಿಳಿ ಎಮಲ್ಷನ್‌ಗೆ ಬಣ್ಣ ಏರಿಸುವ ಕೆಂಪು ಸ್ಟೇನರ್ ಬೆರೆಸಿದೆ. ಎಷ್ಟು ಹಾಕಿದರೂ ಗುಲಾಬಿ. ಸ್ಟೇನರ್ ಹೆಚ್ಚಿಸಿದರೆ ಬಣ್ಣ ಒಣಗುವುದೂ ಇಲ್ಲ, ಕೈಗೆ ಅಂಟುತ್ತದೆ. ಬಿಳಿಯಲ್ಲಿ ಕುಂಕುಮ ಹುಟ್ಟುವುದಿಲ್ಲ. ಪೇಂಟ್ ಅಂಗಡಿಯ ಮೆಷಿನ್ನಿನಲ್ಲಿ ಬಿಳಿ ಕಡಿಮೆ ಇರುವ ಡಾರ್ಕ್ ಬೇಸ್‌ಗೆ ಬೆರೆಸಿಕೊಡುತ್ತಾರೆ, ಅದನ್ನೇ ತರಬೇಕು. ಆ ಕೆಂಪು ತೆಳ್ಳಗೆ, ಹಿಂದಿನಿಂದ ಬೆಳಕು ಬಿದ್ದರೆ ಬ್ರಶ್‌ನ ಗೆರೆಗಳು ಕಾಣುತ್ತವೆ. ಹಳದಿಯೂ ಅಷ್ಟೇ. ರಾತ್ರಿ ಒಳಗಿನ ಟ್ಯೂಬ್‌ಲೈಟ್ ಹಾಕಿ ರಸ್ತೆಗೆ ಹೋಗಿ ನೋಡಿದಾಗಲೇ ಇದು ತಿಳಿದದ್ದು: ಹಗಲು ಗಟ್ಟಿಯಾಗಿ ಕಂಡ ದೇವರಾಯನದುರ್ಗ ರಾತ್ರಿ ಜರಡಿಯಂತಿತ್ತು. ಎರಡು ಕೋಟ್ ಬಣ್ಣ ಒಣಗಿದ ಮೇಲೆ ಅದರ ಬೆನ್ನಿಗೆ ಬಿಳಿಯ ಒಂದು ಕೋಟ್ ಕೊಟ್ಟೆವು. ಬೆಳಕು ಒಳಗೇ ನಿಂತಿತು, ಹೊರಗಿನಿಂದ ಕೆಂಪು ಇನ್ನೂ ತುಂಬಿಕೊಂಡು ಕಂಡಿತು.

ಕಪ್ಪನ್ನು ಕೈ ಹಿಡಿದು ಬಳಸಿದೆವು. ನಮ್ಮ ಅಂಗಡಿಗಳು ಪಶ್ಚಿಮಕ್ಕಿವೆ, ಮಧ್ಯಾಹ್ನದ ಬಿಸಿಲು ನೇರ ಗಾಜಿಗೆ. ಟೈಲರ್ ಅಕ್ಕನದೂ ನನ್ನದೂ ಸಾಧಾರಣ 5 ಎಂಎಂ ಗಾಜು. ದೊಡ್ಡ ಜಾಗಕ್ಕೆ ಗಾಢ ಬಣ್ಣ ಬಳಿದರೆ ಆ ಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಇರುತ್ತದೆ, ಆ ಎಳೆದಾಟಕ್ಕೆ ಗಾಜು ಅಂಚಿನಿಂದ ಸೀಳಬಹುದು. ಟೈಲರ್ ಅಂಗಡಿಗೆ ಬಂದದ್ದು ಮಧುಗಿರಿ ಬೆಟ್ಟ, ಒಂದೇ ಬಂಡೆ. ಕಡುಬೂದಿಯಲ್ಲಿ ತುಂಬಿಸುವ ಆಸೆ ಇತ್ತು. ತಿಳಿಬೂದಿ ಬಳಿದು, ಮಳೆನೀರು ಇಳಿದ ಕಪ್ಪು ಗೆರೆಗಳನ್ನು ಮಾತ್ರ ಗಾಢವಾಗಿ ಎಳೆದೆವು. ಬಂಡೆ ಇನ್ನೂ ಬಂಡೆಯಂತೆ ಕಂಡದ್ದು ಆ ಗೆರೆಗಳಿಂದಲೇ.

ಒಬ್ಬೊಬ್ಬರ ಗಾಜಿಗೂ ಒಂದೊಂದು ಷರತ್ತು ಇತ್ತು, ಅದನ್ನು ಮೊದಲೇ ಕೂತು ಕೇಳಿದ್ದು ಒಳ್ಳೆಯದಾಯಿತು. ಮೆಡಿಕಲ್ ಸಾರ್ ತಮ್ಮ ಲೈಸೆನ್ಸ್ ಹೊರಗಿನಿಂದ ಕಾಣಲೇಬೇಕು ಅಂದರು, ಅಲ್ಲಿ ಎರಡು ಬೆಟ್ಟಗಳ ನಡುವೆ ಕಣಿವೆ ಬಿಟ್ಟೆವು. ಶೆಟ್ಟರು, "ರಸ್ತೆಯಿಂದ ನನ್ನ ಕೌಂಟರ್ ಕಾಣಬೇಕು ಕಣಪ್ಪ, ಒಳಗೆ ಯಾರಿದಾರೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಬೇಕು" ಅಂದರು. ಬಂಗಾರದ ಅಂಗಡಿಗೆ ಅದು ನ್ಯಾಯವಾದ ಮಾತು. ಅವರ ಗಾಜಿನಲ್ಲಿ ಬಣ್ಣ ತುಂಬಲಿಲ್ಲ, ಬೆಟ್ಟದ ಅಂಚು ಮತ್ತು ನೀರಿನ ನಾಲ್ಕು ಇಂಚಿನ ಪಟ್ಟಿ ಮಾತ್ರ. ಆ ಗಾಜು ಬೆಳಗಿನ ಮಂಜಿನ ಹಾಗೆ ಕಂಡಿತು, ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ನನ್ನ ಗಾಜಿಗೆ ಮಂದಾರಗಿರಿ, ಅದರ ಬುಡದಲ್ಲಿ ಜೈನ ಮುನಿಗಳು ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದ ಗುರುಮಂದಿರ. ಮೊಬೈಲ್ ಅಂಗಡಿಗೆ ದೇವರಾಯನದುರ್ಗ, ಜಯಮಂಗಲಿ ನದಿ ಹುಟ್ಟುವ ಬೆಟ್ಟ ಅಲ್ಲವೇ, ಅಲ್ಲಿಂದ ಒಂದು ಸಣ್ಣ ನೀರಿನ ಎಳೆಯನ್ನೂ ಇಳಿಸಿದೆವು.

ಟೀ ಅಂಗಡಿಯ ಶಟರ್ ಬೇರೆಯೇ ಕೆಲಸ. ಅದು ಇಡೀ ಸಾಲಿನಲ್ಲಿ ಶಾಶ್ವತವಾಗಿ ಉಳಿಯುವ ಚಿತ್ರ, ಹಾಗಾಗಿ ಎನಾಮೆಲ್. ತುಕ್ಕು ಹಿಡಿದ ಕಡೆ ಎಮರಿ ಪೇಪರ್ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಬಣ್ಣ. ದಪ್ಪ ಹಚ್ಚಿದರೆ ಪಟ್ಟಿಗಳು ಸುತ್ತಿಕೊಳ್ಳುವಾಗ ಒಂದಕ್ಕೊಂದು ಅಂಟಿ ಕಿತ್ತುಕೊಳ್ಳುತ್ತವೆ, ತೆಳ್ಳಗೆ ಎರಡು ಸಲ ಹಚ್ಚಬೇಕು. ಯಜಮಾನರು ಭಾನುವಾರ ಪೂರ್ತಿ ಅಂಗಡಿ ಮುಚ್ಚಿದರು. ದಿನದ ವ್ಯಾಪಾರದಲ್ಲಿ ಬದುಕುವವರು ಒಂದು ದಿನ ಬಿಟ್ಟುಕೊಡುವುದು ನಮ್ಮೆಲ್ಲರ ಪಾಲಿನ ದುಡ್ಡಿಗಿಂತ ದೊಡ್ಡದು, ಅದಕ್ಕೇ ಅವರ ಪಾಲಿನ ಹಣ ಬೇಡ ಎಂದು ಆರೂ ಜನ ಹೇಳಿದೆವು. ಅವರು ಕೇಳಲಿಲ್ಲ. ಒಟ್ಟು ಖರ್ಚು 6,300 ರೂಪಾಯಿ, ತಲಾ 900. ನೀರಿನ ಗೆರೆ ಶಟರಿನಲ್ಲಿ ಒಂದು ಪಟ್ಟಿಯ ನಟ್ಟನಡುವೆ ಬಂತು. ಕೆಳಗಿನ ಸಂದಿಗೆ ಇಳಿಸಿದರೆ ಬರೆಯುವುದು ಸುಲಭ ಎಂದು ಯಾರೋ ಅಂದರು. ಗಾರೆಯವರು ಬೇಡ ಅಂದರು. ನಡುವೆಯೇ ಎಳೆದೆವು.

ಶಟರ್ ಎತ್ತಿದರೆ ಚಿತ್ರ ಮೇಲೆ ಸುತ್ತಿಕೊಂಡು ಹೋಗುತ್ತದೆ, ಹಗಲು ಹೊತ್ತು ಕೆರೆ ಶೆಟ್ಟರ ಅಂಗಡಿಗೇ ಮುಗಿದುಹೋಗುತ್ತದೆ. ಇದನ್ನು ನಾವು ಯಾರೂ ಮೊದಲು ಯೋಚಿಸಿರಲಿಲ್ಲ. ನವೆಂಬರ್ 1ರ ಬೆಳಗ್ಗೆ ನಾನು ಬರುವಷ್ಟರಲ್ಲಿ ಟೀ ಅಂಗಡಿ ಯಜಮಾನರು ಶಟರ್ ಇಳಿಸೇ ಇಟ್ಟು, ಅದರ ಮುಂದೆ ಒಂದು ಮೇಜು, ಒಂದು ಸ್ಟೌ ಹಾಕಿಕೊಂಡು ರಸ್ತೆಯಲ್ಲೇ ಟೀ ಕೊಡುತ್ತಿದ್ದರು. ಧ್ವಜ ಹಾರಿಸಿ, ನಾಡಗೀತೆ ಹಾಡಿ, ಲಾಡು ಹಂಚಿದೆವು. ಶಾಲೆಗೆ ಧ್ವಜಾರೋಹಣಕ್ಕೆ ಹೊರಟಿದ್ದ ಒಬ್ಬ ಹುಡುಗ ಬೇಕರಿಯ ಕಡೆಯಿಂದ ಗಾಜಿನ ಮೇಲೆ ಬೆರಳು ಇಟ್ಟುಕೊಂಡು ನೀರಿನ ಗೆರೆಯ ಗುಂಟ ನಡೆದುಬಂದ. ಬೇಕರಿಯಲ್ಲಿ ಅವನ ಎದೆಯ ಮಟ್ಟಕ್ಕಿದ್ದ ಬೆರಳು ಬರುಬರುತ್ತಾ ಮೇಲೆ ಹೋಯಿತು. ಟೀ ಅಂಗಡಿಯ ಹತ್ತಿರ ತುದಿಗಾಲಿನಲ್ಲಿ ನಿಂತು, ಕೈ ನೀಡಿ, ಶಟರಿನ ಕೊನೆಯ ತನಕ ಮುಟ್ಟಿಯೇ ಹೋದ. ಗಾರೆಯವರು ಟೀ ಲೋಟ ಹಿಡಿದು ಅದನ್ನೇ ನೋಡುತ್ತಿದ್ದರು.

ತೆಗೆದದ್ದು ಮೂರನೇ ವಾರದಲ್ಲಿ. ಬಿಸಿನೀರಿನಲ್ಲಿ ಅದ್ದಿದ ಹಳೇ ಟವೆಲನ್ನು ಗಾಜಿಗೆ ಹತ್ತು ನಿಮಿಷ ಅಂಟಿಸಿಟ್ಟು, ಮೇಲಿನ ಮೂಲೆಯಿಂದ ಪ್ಲಾಸ್ಟಿಕ್ ಸ್ಕ್ರೇಪರ್ ತೂರಿಸಿದರೆ ಬಣ್ಣ ಪಟ್ಟೆ ಪಟ್ಟೆಯಾಗಿ ಬರುತ್ತದೆ. ಬಿಳಿಯ ಬೆನ್ನು ಕೊಟ್ಟ ಕಡೆ ದಪ್ಪ ಇರುವುದರಿಂದ ಸುಲಭ, ಶೆಟ್ಟರ ಗಾಜಿನ ತೆಳು ಗೆರೆಗಳೇ ಹೆಚ್ಚು ಹೊತ್ತು ತೆಗೆದುಕೊಂಡವು. ಕೆರೆದ ಬಣ್ಣದ ಸಿಪ್ಪೆಯನ್ನು ಚರಂಡಿಗೆ ಬಿಡದೆ ಗುಡಿಸಿ ಒಣಕಸಕ್ಕೆ ಹಾಕಿದೆವು. ಬೇಕರಿಯ ಎರಡನೇ ಬೆಟ್ಟ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಮೂರು ಸಲ ಟವೆಲ್ ಹಾಕಬೇಕಾಯಿತು. ಟೈಲರ್ ಅಕ್ಕ ಮಧುಗಿರಿಯನ್ನು ಸಂಕ್ರಾಂತಿ ತನಕ ಇಟ್ಟುಕೊಳ್ಳುತ್ತೇನೆ ಎಂದು ತೆಗೆಯಲು ಬಿಡಲಿಲ್ಲ. ಅಷ್ಟು ದಿನ ಬಿಟ್ಟರೆ ಹೇಗೆ ಬರುತ್ತದೆ ಎಂದು ಆಮೇಲೆ ನೋಡಬೇಕು.

ಗೆರೆಯ ಎತ್ತರಗಳನ್ನು, ಒಬ್ಬೊಬ್ಬರ ಹೊಸ್ತಿಲಿನಿಂದ ಅಳೆದು, ನನ್ನ ಅಂಗಡಿಯ ಆರ್ಡರ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಬೇಕರಿ 3 ಅಡಿ 9 ಇಂಚು, ಫ್ರೇಮ್ ಅಂಗಡಿ 3 ಅಡಿ 11, ಮೆಡಿಕಲ್ 3 ಅಡಿ 6, ಟೈಲರ್ 4 ಅಡಿ 2, ಮೊಬೈಲ್ 4 ಅಡಿ 4, ಶೆಟ್ಟರು 3 ಅಡಿ 11, ಟೀ ಅಂಗಡಿ 4 ಅಡಿ 10. ಶೆಟ್ಟರು ಬೇಸಿಗೆಯಲ್ಲಿ ಮೆಟ್ಟಿಲಿಗೆ ಗ್ರಾನೈಟ್ ಹಾಕಿಸುತ್ತಾರಂತೆ, ಅವರದೊಂದನ್ನು ಮತ್ತೆ ಅಳೆಯಬೇಕು.